ಬೀಗದವನು ಮಾಡಿದ ಕೈ

ಆಂಬ್ರ್ವಾಜ್ ಪಾರೆ 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯರು. ಕ್ಷೌರಿಕರ ಬಳಿ ಕೆಲಸ ಕಲಿತು ಯುದ್ಧಭೂಮಿಗೆ ಹೋದವರು. 1537ರಲ್ಲಿ ಗುಂಡೇಟಿಗೆ ಸುರಿಯುವ ಕುದಿಯುವ ಎಣ್ಣೆ ಮುಗಿದಾಗ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದರು (ಮನೆಯಲ್ಲಿ ಪ್ರಯತ್ನಿಸಬೇಡಿ). ಆ ಗಾಯಾಳುಗಳಿಗೇ ನೋವು ಕಡಿಮೆಯಿತ್ತು. ಅಂಗ ಕತ್ತರಿಸಿದಾಗ ರಕ್ತ ನಿಲ್ಲಿಸಲು ಕಾದ ಕಬ್ಬಿಣದ ಬದಲು ರಕ್ತನಾಳಕ್ಕೆ ದಾರ ಕಟ್ಟಿದರು.

ಬದುಕುಳಿದವರಿಗೆ ಕೈ ಬೇಕಲ್ಲ? ಪ್ಯಾರಿಸ್‌ನ ಬೀಗ ತಯಾರಕನೊಬ್ಬನಿಂದ ಕಬ್ಬಿಣದ ಕೈ ಮಾಡಿಸಿದರು; ಅವರ 1564ರ ಪುಸ್ತಕದಲ್ಲಿ ಅದರ ಚಿತ್ರವಿದೆ. ಇನ್ನೊಂದು ಕೈಯಿಂದ ಬೆರಳು ಮಡಚಿದರೆ ಒಳಗಿನ ಕೊಂಡಿ ಸಿಕ್ಕಿಕೊಂಡು ಹಿಡಿತ ನಿಲ್ಲುತ್ತಿತ್ತು. ಕೊಂಡಿ ಬಿಡಿಸಿದರೆ ಸ್ಪ್ರಿಂಗ್ ಬೆರಳನ್ನು ಬಿಚ್ಚುತ್ತಿತ್ತು. ಹಿಡಿದುಕೊಂಡೇ ಇರಲು ಬಲ ಬೇಡ, ಜಾಣತನ ಅಲ್ಲಿದೆ. 1590ರಲ್ಲಿ ಪಾರೆ ತೀರಿಕೊಂಡರು.

ಬ್ಯಾಟರಿ ಕೈ ಕೊಳ್ಳುವ ಮುನ್ನ ಪ್ರಾಸ್ಥೆಟಿಸ್ಟರನ್ನು ಕೇಳಿ: ಲೋಟ ಹಿಡಿದಿರುವಾಗ ಚಾರ್ಜ್ ಮುಗಿದರೆ ಬೆರಳು ಏನು ಮಾಡುತ್ತದೆ?