ಚಿತ್ರಕಾರ ಕೆ. ಕೆ. ಹೆಬ್ಬಾರರು

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹರಳುಗಳಿಗೆ ಸಾಣೆ ಹಿಡಿದು ಹೊಳಪು ಕೊಡುವ ಕಸುಬು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿರುವುದನ್ನು ವಾಚಕರು ಬಲ್ಲರು. ಇಂಥ ಕೈಕೆಲಸವನ್ನು ಪುಸ್ತಕ ಓದಿ ಕಲಿಯುವುದು ಕಷ್ಟ. ಬಲ್ಲವರ ಮಗ್ಗುಲಲ್ಲಿ ಕುಳಿತು, ಅವರ ಬೆರಳುಗಳ ಚಲನೆಯನ್ನು ನೋಡುತ್ತ ನೋಡುತ್ತ ಕಲಿಯಬೇಕು. ಆದರೆ ಗುರುವು ಗತಿಸಿ ಸಾವಿರ ವರುಷಗಳೇ ಸಂದು, ಅವನ ಹೆಸರು ಸಹ ಅಳಿದು, ಕೈಕೆಲಸವೊಂದೇ ಉಳಿದಿದ್ದರೆ ಶಿಷ್ಯನು ಅವನಿಂದ ಕಲಿಯುವುದು ಹೇಗೆ? ಈ ಪ್ರಶ್ನೆಯನ್ನು ಜೀವಮಾನವೆಲ್ಲ ಎದುರಿಸಿದ ಕನ್ನಡನಾಡಿನ ಒಬ್ಬ ಚಿತ್ರಕಾರರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯಲು ಯತ್ನಿಸಿರುವೆವು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ನೆಯ ಇಸವಿಯಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಗ್ರಾಮದಲ್ಲಿ ಜನಿಸಿದರು. ಮನೆಯಲ್ಲಿ ಸಿರಿತನವಿರಲಿಲ್ಲ. ತಂದೆಯವರು ಚೌತಿಯ ಹಬ್ಬಕ್ಕಾಗಿ ಮಣ್ಣಿನ ಗಣಪತಿಯ ವಿಗ್ರಹಗಳನ್ನು ಮಾಡುತ್ತಿದ್ದರು. ಹದಗೊಳಿಸಿದ ಜೇಡಿಮಣ್ಣು ತಂದೆಯ ಬೆರಳುಗಳ ನಡುವೆ ರೂಪು ತಾಳುವುದನ್ನು ಕಂಡದ್ದೇ ಬಾಲಕನಿಗೆ ದೊರೆತ ಮೊದಲ ಪಾಠವೆಂದು ಹೇಳಬಹುದು. ಯಕ್ಷಗಾನದ ವೇಷಗಳು, ಭೂತದ ಕೋಲಗಳು, ಕೋಳಿಯ ಅಂಕ, ಮಳೆಯಲ್ಲಿ ತೊಯ್ಯುತ್ತ ನೇಜಿ ನೆಡುವ ಹೆಂಗಸರು, ಇವೆಲ್ಲವೂ ತುಳುನಾಡಿನ ಮಕ್ಕಳ ಕಣ್ಣಿಗೆ ದಿನನಿತ್ಯದ ನೋಟಗಳು. ಪ್ರಾಯಕ್ಕೆ ಬಂದ ಮೇಲೆ ಹೆಬ್ಬಾರರು ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಹೀಗೆ, ಚಿತ್ರಕಲೆಯನ್ನು ಕ್ರಮವಾಗಿ ಕಲಿಯುವುದಕ್ಕೆ ಮೊದಲೇ ಕಲಿಸುವ ಕೆಲಸವು ಅವರ ಪಾಲಿಗೆ ಬಂದಿತು.

ಆದರೆ ಕಲೆಯ ಹಂಬಲವು ಅವರನ್ನು ಊರಿನಲ್ಲಿ ನಿಲ್ಲಗೊಡಲಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಸ್ವಲ್ಪ ಕಾಲವಿದ್ದು, ಅನಂತರ ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲಿ ಅಭ್ಯಾಸಮಾಡಿ, ಕಡೆಗೆ ಸರ್ ಜೆ. ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರ ವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾದರು. ಬಡತನದಿಂದ ಬಂದ ಒಬ್ಬ ತರುಣನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವೇನೆಂದು ನಾವು ಎಣಿಸಬಹುದು. ಹೆಬ್ಬಾರರಿಗೆ ಮಾತ್ರ ಸಮಾಧಾನವಿರಲಿಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಆ ಕಾಲದ ಶಿಕ್ಷಣಕ್ರಮವನ್ನು ತುಸು ನೋಡಬೇಕು. 1857ರಲ್ಲಿ ಸ್ಥಾಪಿತವಾದ ಆ ಕಲಾಶಾಲೆಯಲ್ಲಿ ಯೂರೋಪಿನ ಪದ್ಧತಿಯೇ ರೂಢಿಯಲ್ಲಿತ್ತು. ಗ್ರೀಕ್ ಪ್ರತಿಮೆಗಳ ಗಚ್ಚಿನ ಅಚ್ಚುಗಳನ್ನೂ, ಎದುರಿಗೆ ಕುಳಿತ ಮನುಷ್ಯನನ್ನೂ ನೋಡಿ, ಒಂದು ಪಕ್ಕದಿಂದ ಬೀಳುವ ಬೆಳಕನ್ನೂ ನೆರಳನ್ನೂ ಕಂಡಂತೆಯೇ ಬರೆಯುವುದು ಅದರ ಮುಖ್ಯ ಸಾಧನೆ. ಹೆಬ್ಬಾರರು ಇದರಲ್ಲಿ ನಿಪುಣರಾದರು. ಆದರೂ ಕಟ್ಟಿಂಗೇರಿಯ ಗದ್ದೆಯಂಚಿನಲ್ಲಿ ಕಂಡ ಬದುಕು ಈ ವಿದ್ಯೆಯ ಕೈಗೆ ಸಿಕ್ಕದೆ ಜಾರುತ್ತಿತ್ತು. ತಾನು ಅರೆಮನಸ್ಸಿನಿಂದ ಒಪ್ಪಿರುವ ಪಾಠವನ್ನು ಶಿಷ್ಯರಿಗೆ ಪೂರ್ಣಮನಸ್ಸಿನಿಂದ ಹೇಳಿಕೊಡಬೇಕಾದ ಉಪಾಧ್ಯಾಯನ ಇಕ್ಕಟ್ಟನ್ನು, ಕಲಿಸಿ ಬಲ್ಲವರೆಲ್ಲರೂ ಅರಿಯುವರು.

ಆಗ ಅವರು ಹೆಸರಿಲ್ಲದ ಹಳೆಯ ಗುರುಗಳ ಬಳಿಗೆ ಹೋದರು. ಅಜಂತೆಯ ಗುಹೆಗಳ ಭಿತ್ತಿಚಿತ್ರಗಳನ್ನು ಅಭ್ಯಾಸಮಾಡಿದರು. ಅಲ್ಲಿ ಅಂಗಾಂಗಗಳ ದುಂಡುತನವನ್ನು ತೋರಿಸುವುದು ಮುಖ್ಯವಾಗಿ ರೇಖೆ. ಅದರ ಬಾಗು, ಅದರ ದಪ್ಪ ತೆಳುವುಗಳಿಂದಲೇ ಮೈಯ ತೂಕವೂ ಮನಸ್ಸಿನ ಭಾವವೂ ತೋರಿಬರುತ್ತವೆ. ಪಶ್ಚಿಮ ಭಾರತದ ಜೈನ ಗ್ರಂಥಗಳ ಚಿತ್ರಗಳಲ್ಲಿ ಮುಖದಿಂದ ಹೊರಚಾಚಿದ ಕಣ್ಣು, ಚೂಪಾದ ಗೆರೆ, ಹಿನ್ನೆಲೆಯ ಒಂದೇ ಕೆಂಪು ಬಣ್ಣ, ಇವುಗಳಿಂದ ಅಂಗೈಯಗಲದ ಜಾಗದಲ್ಲಿ ಒಂದು ಕಥೆಯೇ ನಿಂತಿರುತ್ತದೆ. ರಜಪೂತ ಮತ್ತು ಮೊಗಲ ಕಿರುಚಿತ್ರಗಳಿಂದ ಬಣ್ಣಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಬೆಳಗಿಸುವ ಬಗೆಯನ್ನು ಕಂಡುಕೊಂಡರು. ಹೀಗೆ ಅಧ್ಯಾಪಕರ ಸ್ಥಾನದಲ್ಲಿದ್ದವರು ಮತ್ತೆ ವಿದ್ಯಾರ್ಥಿಯಾದರು.

ಇಲ್ಲಿ ಇನ್ನೊಬ್ಬರನ್ನು ಸ್ಮರಿಸದಿದ್ದರೆ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಒಪ್ಪಲಾರದು. 1913ರಲ್ಲಿ ಜನಿಸಿದ ಅಮೃತಾ ಶೇರ್‌ಗಿಲ್ ಎಂಬಾಕೆ ಪ್ಯಾರಿಸಿನಲ್ಲಿ ಕಲಿತು ಸ್ವದೇಶಕ್ಕೆ ಬಂದು, ಅಜಂತೆಯನ್ನು ಕಂಡು, ದಕ್ಷಿಣದ ಹಳ್ಳಿಗಳ ಜನರನ್ನು ಚಿತ್ರಿಸಿ, 1941ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಪಶ್ಚಿಮದ ವಿದ್ಯೆಯನ್ನೂ ಪೂರ್ವದ ವಿದ್ಯೆಯನ್ನೂ ಒಂದೇ ಕೈಯಲ್ಲಿ ಹಿಡಿಯಬಹುದೆಂಬುದನ್ನು ಆಕೆಯ ಚಿತ್ರಗಳು ತೋರಿಸಿದ್ದವು. ತಮಗಿಂತ ಕಿರಿಯಳಾದ ಆ ಸ್ತ್ರೀಯ ಕೃತಿಗಳಿಂದ ಕಲಿಯಲು ಹೆಬ್ಬಾರರು ಹಿಂಜರಿಯಲಿಲ್ಲ.

ಪೂರ್ವಿಕರಿಂದ ಕಲಿಯುವುದರಲ್ಲಿ ಅಪಾಯವೊಂದುಂಟು. ಅವರ ರೂಪಗಳನ್ನು ಹಾಗೆಯೇ ಎತ್ತಿಕೊಂಡರೆ ಅನುಕರಣವಾದೀತೇ ಹೊರತು ಕಲಿಕೆಯಾಗದು. ಹೆಬ್ಬಾರರು ಅಜಂತೆಯ ರಾಜಕುಮಾರರನ್ನು ಮತ್ತೊಮ್ಮೆ ಬರೆಯಲು ಹೋಗಲಿಲ್ಲ. ಅಲ್ಲಿ ಕಲಿತ ರೇಖೆಯಿಂದ ಮಲೆಯಾಳ ದೇಶದ ಹಳ್ಳಿಗರನ್ನೂ, ದುಡಿಯುವ ಹೆಂಗಸರನ್ನೂ, ಅಂಕದ ಕೋಳಿಗಳನ್ನೂ ಬರೆದರು. 1947ರಲ್ಲಿ ಮುಂಬಯಿಯ ಆರ್ಟ್ ಸೊಸೈಟಿಯ ಚಿನ್ನದ ಪದಕವು ಅವರಿಗೆ ದೊರೆಯಿತು. ಹೆಸರು ಬಂದ ಮೇಲೂ ಕಲಿಯುವುದು ನಿಲ್ಲಲಿಲ್ಲ. 1949ರಲ್ಲಿ ಯೂರೋಪಿಗೆ ಹೋಗಿ, ನಲವತ್ತರ ಹತ್ತಿರದ ಪ್ರಾಯದಲ್ಲಿ ಪ್ಯಾರಿಸಿನ ಜೂಲಿಯನ್ ಅಕಾಡೆಮಿಯಲ್ಲಿ ಹುಡುಗರೊಡನೆ ಕುಳಿತು ಅಭ್ಯಾಸಮಾಡಿದರು. ಲಯದ ಮರ್ಮವನ್ನು ಮೈಯಿಂದಲೇ ಅರಿಯಬೇಕೆಂದು ಪಂಡಿತ ಸುಂದರಪ್ರಸಾದರ ಬಳಿ ಎರಡು ವರುಷ ಕಥಕ್ ನೃತ್ಯವನ್ನು ಕಲಿತರು. ಮುಂದೆ ಅವರು ಬರೆದ ನರ್ತಕರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳಿಂದ ಹೆಜ್ಜೆಯೂ ತಾಳವೂ ಕಾಣುವುದಕ್ಕೆ ಈ ಶ್ರಮವೇ ಕಾರಣವೆಂದು ನಾವು ತಿಳಿಯುತ್ತೇವೆ.

ಸರಕಾರವು ಅವರಿಗೆ 1961ರಲ್ಲಿ ಪದ್ಮಶ್ರೀಯನ್ನೂ 1989ರಲ್ಲಿ ಪದ್ಮಭೂಷಣವನ್ನೂ ಕೊಟ್ಟು ಗೌರವಿಸಿತು. 1996ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಮುಂಬಯಿಯಲ್ಲಿ ಅವರು ಕಾಲವಾದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರ ಕೃತಿಗಳು ಸೇರಿವೆ.

ನಮ್ಮಲ್ಲಿ ಅನೇಕರು ಶಾಲೆಯ ಚಿತ್ರಲೇಖನದ ಗಂಟೆಯನ್ನು ವಿಶ್ರಾಂತಿಯ ಗಂಟೆಯೆಂದೇ ಭಾವಿಸಿದ್ದೆವು. ಪರೀಕ್ಷೆ ಹತ್ತಿರವಾದೊಡನೆ ಅದನ್ನು ಲೆಕ್ಕದ ಪಾಠಕ್ಕೆ ಬಿಟ್ಟುಕೊಟ್ಟುದೂ ಉಂಟು. ತಾಯಂದಿರಾದ ಮೇಲೆ ಮಗಳ ಕೈಯಿಂದ ಬಣ್ಣದ ಪೆಟ್ಟಿಗೆಯನ್ನು ತೆಗೆದಿರಿಸಿದವರೂ ನಮ್ಮೊಳಗಿರುವರು. ಕೈಗೆ ಕೊಡುವ ಶಿಕ್ಷಣವು ಕಣ್ಣಿಗೂ ಮನಸ್ಸಿಗೂ ಕೊಡುವ ಶಿಕ್ಷಣವೆಂಬುದನ್ನು ಹೆಬ್ಬಾರರ ಜೀವನದಿಂದ ತಡವಾಗಿಯಾದರೂ ಕಲಿಯೋಣ. ಹಳೆಯ ಗುರುಗಳನ್ನು ಅರಸಿ ಅಜಂತೆಯವರೆಗೆ ಹೋಗಬೇಕಾಗಿಯೂ ಇಲ್ಲ. ಗೌರಿಬಿದನೂರಿನಿಂದ ಹಿಂದೂಪುರವನ್ನು ದಾಟಿದರೆ ಲೇಪಾಕ್ಷಿಯುಂಟು. ಅಲ್ಲಿನ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ವಿಜಯನಗರದ ಕಾಲದ, ಹದಿನಾರನೆಯ ಶತಮಾನದ ಚಿತ್ರಕಾರರು ಬರೆದ ಸ್ತ್ರೀಯರ ಸೀರೆಗಳ ಅಂಚುಗಳೂ ತುರುಬುಗಳೂ ಇನ್ನೂ ಅಳಿಯದೆ ಉಳಿದಿವೆ. ಮುಂದಿನ ರಜೆಯಲ್ಲಿ ಪೋಷಕರು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ; ಬುತ್ತಿಯೊಡನೆ ಒಂದು ಸೀಸದ ಕಡ್ಡಿಯನ್ನೂ ನಾಲ್ಕು ಹಾಳೆ ಕಾಗದವನ್ನೂ ಕೊಡಲಿ; ಮಗುವು ತಲೆಯೆತ್ತಿ ನೋಡಿ ಬರೆಯುವವರೆಗೆ ಅವಸರಪಡಿಸದೆ ಕಾದಿರಲಿ. ನಮ್ಮ ಬೇಡಿಕೆ ಇಷ್ಟೇ.