ಸರ್ ಮಿರ್ಜಾ ಇಸ್ಮಾಯಿಲ್

ಪರ್ಷಿಯಾ ದೇಶದ ಶಿರಾಜ್ ನಗರವು ಗುಲಾಬಿಯ ತೋಟಗಳಿಗೂ ಕವಿಗಳಿಗೂ ಹೆಸರಾದುದು. ಸಾದಿ ಮತ್ತು ಹಾಫಿಜ್ ಎಂಬ ಮಹಾಕವಿಗಳು ಬಾಳಿದ ಊರು ಅದು. ಆ ಊರಿನ ಅಲಿ ಅಸ್ಕರ್ ಎಂಬ ಹದಿನಾರು ವರ್ಷದ ತರುಣನು 1824ರಲ್ಲಿ ತನ್ನ ಸೋದರರೊಡನೆ ಕುದುರೆಗಳ ಒಂದು ದೊಡ್ಡ ಹಿಂಡನ್ನು ಹಡಗಿಗೆ ಹತ್ತಿಸಿ ಹಿಂದೂಸ್ಥಾನದತ್ತ ಹೊರಟನು. ಅರಬ್ಬೀ ಸಮುದ್ರವನ್ನು ದಾಟಿ ಅವರು ಇಳಿದುದು ಮಂಗಳೂರಿನ ಬಂದರಿನಲ್ಲಿ. ಅಲ್ಲಿಂದ ಘಟ್ಟದ ಕಾಡುದಾರಿಯಲ್ಲಿ ಕುದುರೆಗಳನ್ನು ನಡೆಸಿಕೊಂಡು ಅವರು ಬೆಂಗಳೂರನ್ನು ಸೇರಿದರು. ಬೆಂಗಳೂರಿನ ದಂಡಿಗೆ ಆಗ ಒಳ್ಳೆಯ ಕುದುರೆಗಳು ಬೇಕಾಗಿದ್ದುವು. ಪರ್ಷಿಯಾದ ಕುದುರೆಗಳಿಗೆ ಒಳ್ಳೆಯ ಬೆಲೆಯೂ ಇತ್ತು.

ಹೀಗೆ ಬಂದು, ಮಾರಿ, ಹಣ ಕಟ್ಟಿಕೊಂಡು ಮರಳಿದ ವ್ಯಾಪಾರಿಗಳು ಎಷ್ಟೋ ಮಂದಿ. ಅಲಿ ಅಸ್ಕರನು ಮರಳಲಿಲ್ಲ. ಕುದುರೆಯ ವ್ಯಾಪಾರದೊಂದಿಗೆ ಕಟ್ಟಡದ ಕೆಲಸವನ್ನೂ ಕೈಗೊಂಡು, ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಬೆಂಗಳೂರಿನಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದನು. ಅವನ ಹೆಸರಿನ ರಸ್ತೆಯೊಂದು ಆ ನಗರದಲ್ಲಿದೆ. ಅವನು 1891ರಲ್ಲಿ ತೀರಿಕೊಂಡಾಗ ಅವನ ಮೊಮ್ಮಗ ಮಿರ್ಜಾ ಇಸ್ಮಾಯಿಲನು ಏಳೆಂಟು ವರ್ಷದ ಬಾಲಕ.

ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನಲ್ಲಿ ಹುಟ್ಟಿದುದು 1883ರ ಅಕ್ಟೋಬರಿನಲ್ಲಿ. ಐವತ್ತು ವರ್ಷಗಳ ಕಾಲ ಆಂಗ್ಲರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿ ಆಗ ಎರಡೇ ವರ್ಷಗಳಾಗಿದ್ದುವು. ತಂದೆ ಆಗಾ ಜಾನ್ ಅವರು ಮಹಾರಾಜರ ಅಂಗರಕ್ಷಕ ಅಧಿಕಾರಿಯಾಗಿದ್ದರು. ಪೂರ್ವಜರ ನಾಡು ಪರ್ಷಿಯಾ, ಪೂರ್ವಜರ ನುಡಿ ಪಾರಸಿ, ಧರ್ಮ ಇಸ್ಲಾಂ, ಹುಟ್ಟಿದ ಊರು ಬೆಂಗಳೂರು, ಉಂಡ ಅನ್ನ ಮೈಸೂರು ಅರಸರದು. ಇಂಥ ಹುಡುಗನನ್ನು ಯಾವ ದೇಶದವನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಮುಂದೆ ಅನೇಕರು ಅವರ ಮುಂದಿಟ್ಟರು. ಕೆಲವರು ಕುತೂಹಲದಿಂದ ಕೇಳಿದರು. ಕೆಲವರು ಕುತ್ಸಿತಬುದ್ಧಿಯಿಂದ ಕೇಳಿದರು.

ಬಾಲಕನ ಬಾಳಿಗೆ ತಿರುವು ಕೊಟ್ಟುದು ಅರಮನೆಯ ಒಂದು ದುಃಖದ ಸಂಗತಿ. ಮಹಾರಾಜ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ಈಡಾದರು. ಹಿರಿಯ ರಾಜಕುಮಾರ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ನಿಂತು ರಾಜ್ಯವನ್ನು ನೋಡಿಕೊಂಡರು. ಬಾಲ ಅರಸರ ವಿದ್ಯಾಭ್ಯಾಸವನ್ನು ಸ್ಟೂಅರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಗೆ ಒಪ್ಪಿಸಲಾಯಿತು. ರಾಜಕುಮಾರರು ಒಬ್ಬರೇ ಕುಳಿತು ಓದಿದರೆ ಲೋಕದ ಪರಿಚಯವಾಗದೆಂದು, ಆಯ್ದ ಕೆಲವು ಹುಡುಗರನ್ನು ಜೊತೆಗೆ ಸೇರಿಸಿ ಚಿಕ್ಕದೊಂದು ತರಗತಿಯನ್ನು ಏರ್ಪಡಿಸಿದರು. ಆ ಹುಡುಗರಲ್ಲಿ ಮಿರ್ಜಾ ಒಬ್ಬರು.

ಶೀಯಾ ಮುಸಲ್ಮಾನ ಮನೆತನದ ಹುಡುಗ, ಆಚಾರನಿಷ್ಠ ಹಿಂದೂ ಅರಮನೆಯ ರಾಜಕುಮಾರ; ಒಂದೇ ಪಾಠ, ಒಂದೇ ಆಟ, ಒಂದೇ ಮೈದಾನದ ಕುದುರೆ ಸವಾರಿ. ವಯಸ್ಸಿನಲ್ಲಿ ಇಬ್ಬರಿಗೂ ಕೆಲವೇ ತಿಂಗಳ ಅಂತರ. ಬಾಲ್ಯದಲ್ಲಿ ಬೆಳೆದ ಈ ಸ್ನೇಹ ನಾಲ್ವಡಿ ಕೃಷ್ಣರಾಜ ಒಡೆಯರ ಕೊನೆಯ ದಿನದವರೆಗೂ ಉಳಿಯಿತು. ಮಿರ್ಜಾ ಅವರಿಗೆ ಮೈಸೂರು ಸಂಸ್ಥಾನವು ತನ್ನದೆನ್ನಿಸಿದ್ದು ಬೆಂಗಳೂರಿನಲ್ಲಿ ಹುಟ್ಟಿದ್ದರಿಂದಲೋ, ಅಥವಾ ಈ ತರಗತಿಯಲ್ಲಿ ಕುಳಿತು ಬೆಳೆದುದರಿಂದಲೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚೆಂದು ಹೇಳಬೇಕಾಗುತ್ತದೆ. ಹುಟ್ಟು ಅವರನ್ನು ಆ ಬಾಗಿಲವರೆಗೆ ತಂದಿತು. ಬಾಗಿಲೊಳಗಿನ ವರ್ಷಗಳು ಅವರನ್ನು ಮೈಸೂರಿಗರನ್ನಾಗಿ ಮಾಡಿದುವು.

ಸೆಂಟ್ರಲ್ ಕಾಲೇಜಿನಿಂದ 1905ರಲ್ಲಿ ಪದವೀಧರರಾಗಿ ಹೊರಬಂದ ಮಿರ್ಜಾ ಅವರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾದರು. ಬಹುಬೇಗ ಅರಮನೆಯ ಕರೆ ಬಂದಿತು. ಮೊದಲು ಸಹಾಯಕ ಕಾರ್ಯದರ್ಶಿ, ತರುವಾಯ ಹುಜೂರ್ ಕಾರ್ಯದರ್ಶಿ, ಅನಂತರ ಆಪ್ತ ಕಾರ್ಯದರ್ಶಿ, ಹೀಗೆ ಮೇಲೇರಿ 1926ರಲ್ಲಿ ಮೈಸೂರಿನ ದಿವಾನರಾದರು. ದಿವಾನರಾಗಿ ಸರ್ ಎಂ. ವಿಶ್ವೇಶ್ವರಯ್ಯನವರು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿದ್ದುದು ಅವರಿಗೆ ದೊಡ್ಡ ಪಾಠವಾಗಿತ್ತು.

ಮೈಸೂರಿಗೆ ಹೊರಗಿನವರಾರು, ಒಳಗಿನವರಾರು ಎಂಬ ಚರ್ಚೆ ಆ ಕಾಲಕ್ಕೆ ಹೊಸತೇನೂ ಆಗಿರಲಿಲ್ಲ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದ ದಿವಾನರು ಮದರಾಸು ಪ್ರಾಂತದಿಂದ ಬಂದವರು. ಅವರ ಹಿಂದೆಯೇ ಮದರಾಸಿನ ಅಧಿಕಾರಿಗಳು ಬಂದು ಹುದ್ದೆಗಳನ್ನು ತುಂಬಿದರೆಂದು ಮೈಸೂರಿನ ವಿದ್ಯಾವಂತರು ಅಸಮಾಧಾನಪಟ್ಟಿದ್ದರು. ಮೈಸೂರು ಮೈಸೂರಿಗರಿಗೆ ಎಂಬ ಕೂಗು ಬಲವಾಗಿಯೇ ಎದ್ದಿತ್ತು. ಹುಟ್ಟಿನ ಅಳತೆಗೋಲಿನಿಂದ ಅಳೆದರೆ ಬೆಂಗಳೂರಿನ ಮಿರ್ಜಾ ಅವರು ನಿಸ್ಸಂದೇಹವಾಗಿ ಮೈಸೂರಿಗರು. ಆದರೆ ಅಳತೆಗೋಲನ್ನು ಹಿಡಿದವರೆಲ್ಲ ಅದನ್ನು ಒಂದೇ ಸಮನಾಗಿ ಹಿಡಿಯುವುದಿಲ್ಲ. ಅಜ್ಜ ಬಂದ ಊರನ್ನು ನೆನೆಯುವವರೂ ಇದ್ದರು, ಧರ್ಮವನ್ನು ನೆನೆಯುವವರೂ ಇದ್ದರು.

ಇದು ಬಯಲಿಗೆ ಬಂದುದು 1928ರಲ್ಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಸರಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯದಲ್ಲಿ ವಿವಾದ ತಲೆದೋರಿ, ಅದು ಗಲಭೆಯಾಗಿ ಹಬ್ಬಿತು. ದಿವಾನರು ಮುಸಲ್ಮಾನರಾದುದರಿಂದ ಅವರ ಮೇಲೆ ಸಂಶಯದ ಮಾತುಗಳು ಬಂದುವು. ಪತ್ರಿಕೆಗಳು ಸರಕಾರವನ್ನು ಕಟುವಾಗಿ ಟೀಕಿಸಿದುವು. ವಿಚಾರಣೆಗಾಗಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು, ದಿವಾನಗಿರಿಯನ್ನು ಬಿಟ್ಟು ಹತ್ತು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು. ಎರಡೇ ವರ್ಷದ ಹಿಂದೆ ಅಧಿಕಾರ ವಹಿಸಿಕೊಂಡಿದ್ದ ದಿವಾನರಿಗೆ ಅದು ಬಲು ಕಹಿಯಾದ ಕಾಲ. ಅವರು ಹುದ್ದೆಯನ್ನು ಬಿಟ್ಟು ಓಡಲಿಲ್ಲ, ಮಹಾರಾಜರೂ ಅವರನ್ನು ಕೈಬಿಡಲಿಲ್ಲ. ಮುಂದಿನ ಹದಿಮೂರು ವರ್ಷ ಅವರೇ ದಿವಾನರು.

ಆ ವರ್ಷಗಳ ಕೆಲಸವನ್ನು ಇಂದಿಗೂ ಕಣ್ಣಿನಿಂದ ನೋಡಬಹುದು. ಕೃಷ್ಣರಾಜಸಾಗರದ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನವು ಅರಳಿತು. ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. ಆ ಬಯಲಿನಲ್ಲಿ ಬೆಳೆದ ಕಬ್ಬಿಗಾಗಿ ಮಂಡ್ಯದಲ್ಲಿ 1933ರಲ್ಲಿ ಸಕ್ಕರೆಯ ಕಂಪೆನಿ ಸ್ಥಾಪನೆಯಾಯಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ, ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುದ್ದೀಪದ ಕಾರ್ಖಾನೆಗಳು, ಪುರಭವನ, ಹಳ್ಳಿಹಳ್ಳಿಗೆ ವಿದ್ಯುತ್ತು, ಕೊನೆಗೆ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ. ಕೈಗಾರಿಕೆಯಷ್ಟೇ ಚೆಲುವಿನ ಮೇಲೂ ಅವರಿಗೆ ಮೋಹವಿತ್ತು. ಬೆಳಗಿನ ಹೊತ್ತು ನಗರವನ್ನು ಸುತ್ತಿ, ಎಲ್ಲಿ ಕಸ ಬಿದ್ದಿದೆ, ಎಲ್ಲಿ ಮರ ನೆಡಬೇಕು ಎಂದು ಸ್ವತಃ ನೋಡುವ ಅವರ ಅಭ್ಯಾಸ ಪ್ರಸಿದ್ಧವಾಗಿತ್ತು. ಹೀಗೆ ಬರುವ ದಿವಾನರನ್ನು ಕಂಡು ನಗರಸಭೆಯ ಅಧಿಕಾರಿಗಳಿಗೆ ಸಂತೋಷವಾಗುತ್ತಿತ್ತೆಂದು ಹೇಳಲಾಗದು! ಸಂಸ್ಥಾನದ ತೋಟಗಾರಿಕೆಯಲ್ಲಿ ಅವರಿಗೆ ನೆರವಾದ ಕ್ರುಂಬಿಗಲ್ ಅವರು ಹುಟ್ಟಿನಿಂದ ಜರ್ಮನರು. ಅವರೂ ಬೆಂಗಳೂರಿನಲ್ಲಿಯೇ ನೆಲೆನಿಂತು 1956ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಶಿರಾಜಿನ ಕುದುರೆಗಾರನ ಮೊಮ್ಮಗನೂ ಜರ್ಮನಿಯ ತೋಟಗಾರನೂ ಕೂಡಿ ಕನ್ನಡನಾಡಿನ ರಾಜಧಾನಿಯ ಚೆಲುವನ್ನು ಹೆಚ್ಚಿಸಿದರು.

ಮಿರ್ಜಾ ಅವರ ದಿವಾನಗಿರಿಯಲ್ಲಿ ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. ಅರಸರಿಗೆ ಅವರು ಎಷ್ಟು ನಿಷ್ಠರೋ ಜನರಿಗೆ ಅಧಿಕಾರವನ್ನು ಬಿಟ್ಟುಕೊಡುವುದರಲ್ಲಿ ಅಷ್ಟೇ ನಿಧಾನಿಗಳು. ಜವಾಬ್ದಾರಿ ಸರಕಾರ ಬೇಕೆಂದು ಕಾಂಗ್ರೆಸ್ಸಿನವರು 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವನ್ನು ಹೂಡಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ಈ ದುರಂತದ ಹೊಣೆಯಿಂದ ದಿವಾನರ ಸರಕಾರವನ್ನು ಬಿಡಿಸುವುದು ಸಾಧ್ಯವಿಲ್ಲ. ತರುವಾಯ ಸರದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರು ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಆ ಒಪ್ಪಂದದಂತೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಅವಕಾಶವಾಯಿತು. ಗಂಡಭೇರುಂಡದ ಬಾವುಟದ ಪಕ್ಕದಲ್ಲಿ ತ್ರಿವರ್ಣದ ಬಾವುಟ! ಮೈಸೂರಿಗನಾಗಿರುವುದೂ ಭಾರತೀಯನಾಗಿರುವುದೂ ಒಟ್ಟಿಗೆ ಸಾಗಬಹುದೆಂಬುದು ಆ ಎರಡು ಕಂಬಗಳಲ್ಲಿ ಜನರಿಗೆ ಕಾಣಿಸಿತು.

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ಕಾಲವಾದರು. ಹೊಸ ಆಳ್ವಿಕೆಯಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಲು ಮಿರ್ಜಾ ಅವರು 1941ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷ ರಜಪೂತರ ಜಯಪುರವು ಅವರನ್ನು ಪ್ರಧಾನಮಂತ್ರಿಯಾಗಿ ಕರೆಸಿಕೊಂಡಿತು. ಅಲ್ಲಿಯೂ ಅವರ ಮೊದಲ ಗಮನ ನಗರದ ಅಂದಚೆಂದದ ಮೇಲೆ. ಭಾರತದ ನಾನಾ ಭಾಷೆಗಳ ಲೇಖಕರ ಸಮ್ಮೇಳನವು 1945ರಲ್ಲಿ ಜಯಪುರದಲ್ಲಿ ನಡೆದುದೂ ಅವರ ಆಶ್ರಯದಲ್ಲಿಯೇ. ಆ ನಗರದ ಮುಖ್ಯ ರಸ್ತೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ, ಎಂ. ಐ. ರಸ್ತೆ ಎಂದು ಅದು ಎಲ್ಲರಿಗೂ ಪರಿಚಿತ.

ಅತ್ಯಂತ ಕಠಿಣವಾದ ಪರೀಕ್ಷೆ ಮುಂದೆ ಕಾದಿತ್ತು. 1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ತಮ್ಮ ರಾಜ್ಯದ ಆಡಳಿತಕ್ಕೆ ಕರೆದರು. ದೇಶವು ಒಡೆಯುವ ಅಂಚಿನಲ್ಲಿದ್ದ ಕಾಲ ಅದು. ಹೈದರಾಬಾದು ಸ್ವತಂತ್ರ ರಾಜ್ಯವಾಗಿ ಉಳಿಯಬೇಕೆಂದು ಅಲ್ಲಿನ ಇತ್ತೆಹಾದ್ ಪಕ್ಷದವರು ಹಟ ಹಿಡಿದಿದ್ದರು. ಮಿರ್ಜಾ ಅವರು ಮುಸಲ್ಮಾನರು; ಆದುದರಿಂದ ತಮ್ಮ ಪಕ್ಷಕ್ಕೆ ಸೇರುವರೆಂದು ಅಲ್ಲಿ ಯಾರಾದರೂ ಎಣಿಸಿದ್ದರೆ ಅವರಿಗೆ ನಿರಾಸೆಯಾಯಿತು. ನಾಲ್ಕೂ ಕಡೆ ಭಾರತವೇ ಸುತ್ತುವರಿದಿರುವ ರಾಜ್ಯವು ಭಾರತದೊಡನೆ ಹೊಂದಿಕೊಂಡೇ ಬಾಳಬೇಕೆಂಬುದು ಅವರ ನಿಲುವು. ಮುಸ್ಲಿಂ ಲೀಗಿನ ನಾಯಕರಿಗೂ ಈ ದಿವಾನರು ಹಿಡಿಸಲಿಲ್ಲ. ಬೆಂಗಳೂರಿನಲ್ಲಿ ಅವರನ್ನು ಮುಸಲ್ಮಾನರೆಂದು ಸಂಶಯಿಸಿದ್ದರು. ಹೈದರಾಬಾದಿನಲ್ಲಿ ಸಾಕಷ್ಟು ಮುಸಲ್ಮಾನರಲ್ಲವೆಂದು ಸಂಶಯಿಸಿದರು! ವರ್ಷ ತುಂಬುವ ಮೊದಲೇ, 1947ರಲ್ಲಿ, ಅವರು ಆ ಹುದ್ದೆಯನ್ನು ತ್ಯಜಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ಅವರ ಮಾತಿಗೆ ಆಗಲೇ ಬೆಲೆ ಕೊಟ್ಟಿದ್ದರೆ ಎಷ್ಟೋ ರಕ್ತಪಾತ ತಪ್ಪುತ್ತಿತ್ತು.

ದೇಶ ವಿಭಜನೆಯ ಆ ದಿನಗಳಲ್ಲಿ ಲಕ್ಷಾಂತರ ಜನ ತಮ್ಮ ದೇಶ ಯಾವುದೆಂದು ತೀರ್ಮಾನಿಸಬೇಕಾಯಿತು. ಹಲವರಿಗೆ ತೀರ್ಮಾನಿಸುವ ಅವಕಾಶವೇ ಇರಲಿಲ್ಲ. ಆಗಾ ಹಿಲಾಲಿ ಮತ್ತು ಆಗಾ ಶಾಹಿ ಎಂಬ ಸೋದರರು ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರಿಬ್ಬರೂ ಪಾಕಿಸ್ತಾನದ ಸೇವೆಯನ್ನು ಆಯ್ದುಕೊಂಡು ಆ ದೇಶದ ಹಿರಿಯ ರಾಜತಂತ್ರಜ್ಞರಾದರು. ಶಾಹಿ ಅವರು ಅಲ್ಲಿನ ವಿದೇಶಾಂಗ ಮಂತ್ರಿಯೂ ಆದರು. ಹುಟ್ಟಿದ ಊರು ಒಂದೇ, ಧರ್ಮ ಒಂದೇ, ಆದರೂ ದೇಶ ಬೇರೆ. ಭಾರತದ ಸಂವಿಧಾನವನ್ನು ಬರೆದವರೂ ಈ ತೊಡಕನ್ನು ಕಂಡವರೇ. ಸಂವಿಧಾನದ ಐದನೆಯ ವಿಧಿಯು ಪೌರತ್ವಕ್ಕೆ ಹುಟ್ಟೊಂದನ್ನೇ ಆಧಾರವಾಗಿ ಇಟ್ಟುಕೊಳ್ಳಲಿಲ್ಲ. ಭಾರತದಲ್ಲಿ ನೆಲೆಸಿದವನಾಗಿರಬೇಕು, ಅದರ ಜೊತೆಗೆ ತಾನು ಇಲ್ಲಿ ಹುಟ್ಟಿರಬೇಕು, ಇಲ್ಲವೆ ತಂದೆತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿರಬೇಕು, ಇಲ್ಲವೆ ಐದು ವರ್ಷವಾದರೂ ಇಲ್ಲಿ ವಾಸವಾಗಿರಬೇಕು. ನೆಲೆಸುವುದಕ್ಕೆ ಅಲ್ಲಿ ಮೊದಲ ಸ್ಥಾನ. ಆ ಲೆಕ್ಕದಲ್ಲಿ ನೋಡಿದರೆ, ಶಿರಾಜಿಗೆ ಮರಳದೆ ಬೆಂಗಳೂರಿನಲ್ಲಿಯೇ ಮನೆ ಮಾಡಿಕೊಂಡ ಮುದುಕ ಅಲಿ ಅಸ್ಕರನೂ ಹೊರಗಿನವನಾಗಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಮಿರ್ಜಾ ಅವರು ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಕಾರ್ಯದ ಮೇಲೆ ಕೆಲವು ಕಾಲ ಇಂಡೋನೇಷ್ಯದಲ್ಲಿದ್ದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಅವರು ಬೆಳೆದ ಸಂಸ್ಥಾನವು 1956ರ ನವೆಂಬರಿನಲ್ಲಿ ವಿಶಾಲ ಮೈಸೂರು ರಾಜ್ಯವಾಗಿ ರೂಪುಗೊಂಡು, ಅಲಿ ಅಸ್ಕರನು ಕುದುರೆಗಳೊಂದಿಗೆ ಇಳಿದಿದ್ದ ಮಂಗಳೂರೂ ಅದರೊಳಗೆ ಸೇರಿತು. ಅದನ್ನು ಕಂಡ ಮೇಲೆ, 1959ರ ಜನವರಿ 5ರಂದು, ಮಿರ್ಜಾ ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅವರ ಮೊಮ್ಮಕ್ಕಳಲ್ಲಿ ಒಬ್ಬರು ಭಾರತದ ವಿದೇಶಾಂಗ ಸೇವೆಯನ್ನು ಸೇರಿದರು. ಇರಾನ್ ಎಂದು ಹೆಸರಾದ ಪರ್ಷಿಯಾ ದೇಶಕ್ಕೆ ಅವರನ್ನು ಭಾರತ ಸರಕಾರವು ತನ್ನ ರಾಯಭಾರಿಯಾಗಿ ಕಳುಹಿಸಿತು.