ಬರ್ನಾರ್ಡ್ ಹರ್ಮನ್

ಬರ್ನಾರ್ಡ್ ಹರ್ಮನ್ (ಜೂನ್ 29, 1911 – ಡಿಸೆಂಬರ್ 24, 1975) ಅವರು ಅಮೆರಿಕದ ಪ್ರಸಿದ್ಧ ಸಂಗೀತ ಸಂಯೋಜಕರು ಮತ್ತು ವಾದ್ಯವೃಂದದ ನಿರ್ದೇಶಕರು. ಬಾನುಲಿ, ಚಲನಚಿತ್ರ ಹಾಗೂ ಕಿರುತೆರೆ ಈ ಮೂರೂ ಮಾಧ್ಯಮಗಳಿಗೆ ಸಂಗೀತ ರಚಿಸಿದ ಇವರು ಆಲ್ಫ್ರೆಡ್ ಹಿಚ್‌ಕಾಕ್ ಅವರ ಚಿತ್ರಗಳಿಂದಾಗಿ ಜಗತ್ತಿಗೆಲ್ಲ ಪರಿಚಿತರಾದರು. ನಮ್ಮಲ್ಲಿ ಸಂಗೀತ ನಿರ್ದೇಶಕರೆಂದೊಡನೆ ಹಾಡುಗಳು ನೆನಪಾಗುತ್ತವೆ. ಹರ್ಮನ್ ಅವರ ಕ್ಷೇತ್ರವಾದರೋ ಹಿನ್ನೆಲೆ ಸಂಗೀತ.

ಜನನ ಮತ್ತು ಶಿಕ್ಷಣ

ಹರ್ಮನ್ ಅವರು ನ್ಯೂಯಾರ್ಕ್ ನಗರದಲ್ಲಿ, ರಷ್ಯಾ ಮೂಲದ ಯಹೂದಿ ಕುಟುಂಬದಲ್ಲಿ ಜನಿಸಿದರು. ಹದಿಮೂರನೆಯ ವಯಸ್ಸಿನಲ್ಲಿಯೇ ಸಂಗೀತ ರಚನೆಗಾಗಿ ಬಹುಮಾನ ಪಡೆದರು. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪರ್ಸಿ ಗ್ರೇಂಜರ್ ಮತ್ತು ಫಿಲಿಪ್ ಜೇಮ್ಸ್ ಅವರ ಬಳಿ ಅಭ್ಯಾಸ ಮಾಡಿದರು. ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿಯೂ ಕಲಿತರು.

ಬಾನುಲಿಯ ದಿನಗಳು

1934ರಲ್ಲಿ ಇವರು ಸಿಬಿಎಸ್ ಬಾನುಲಿ ಸಂಸ್ಥೆಯನ್ನು ಸೇರಿದರು. ಕಾಲಕ್ರಮದಲ್ಲಿ ಆ ಸಂಸ್ಥೆಯ ಸಿಂಫನಿ ವಾದ್ಯವೃಂದದ ಮುಖ್ಯ ನಿರ್ದೇಶಕರಾದರು. ಆಗ ಹೆಚ್ಚು ಜನರಿಗೆ ತಿಳಿಯದಿದ್ದ ಅಮೆರಿಕದ ಸಂಯೋಜಕ ಚಾರ್ಲ್ಸ್ ಐವ್ಸ್ ಅವರ ಕೃತಿಗಳನ್ನು ಹಟ ಹಿಡಿದು ಕೇಳುಗರಿಗೆ ತಲುಪಿಸಿದ್ದು ಹರ್ಮನ್ ಅವರ ದೊಡ್ಡ ಕೆಲಸಗಳಲ್ಲಿ ಒಂದು. ಆರ್ಸನ್ ವೆಲ್ಸ್ ಅವರ ಬಾನುಲಿ ನಾಟಕಗಳಿಗೆ ಸಂಗೀತ ಒದಗಿಸುವ ಹೊಣೆಯೂ ಇವರದಾಯಿತು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡಿದರೆಂದು ಕೆಲವು ಕೇಳುಗರನ್ನು ನಂಬಿಸಿ ಗಾಬರಿಪಡಿಸಿದ 1938ರ ಪ್ರಸಾರದಲ್ಲಿ ವಾದ್ಯವೃಂದವನ್ನು ನಡೆಸಿದವರು ಇವರೇ. ಕೆಲವೇ ಕ್ಷಣಗಳ ಸ್ವರಗುಚ್ಛದಿಂದ ಒಂದು ದೃಶ್ಯವನ್ನು ಮತ್ತೊಂದಕ್ಕೆ ಜೋಡಿಸುವ ಕಲೆಯನ್ನು ಅವರು ಬಾನುಲಿಯಲ್ಲಿ ಕರಗತ ಮಾಡಿಕೊಂಡರು.

ಚಲನಚಿತ್ರ ರಂಗ

ವೆಲ್ಸ್ ಅವರೊಂದಿಗೇ ಚಿತ್ರರಂಗಕ್ಕೆ ಬಂದ ಹರ್ಮನ್ ಅವರ ಮೊದಲ ಚಿತ್ರ ‘ಸಿಟಿಜನ್ ಕೇನ್’ (1941). ಈ ಚಿತ್ರದಲ್ಲಿ ಕೇನ್‌ನ ಪತ್ನಿ ಆಪೆರಾ ರಂಗದಲ್ಲಿ ಹಾಡಿ ಸೋಲುವ ಸನ್ನಿವೇಶವಿದೆ. ಅದಕ್ಕಾಗಿ ಹರ್ಮನ್ ಅವರು ಬಹಳ ಎತ್ತರದ ಸ್ಥಾಯಿಯ ಗೀತೆಯನ್ನು ರಚಿಸಿ, ಭಾರಿ ವಾದ್ಯವೃಂದದೆದುರು ತೆಳುದನಿಯ ಗಾಯಕಿಯಿಂದ ಹಾಡಿಸಿದರು. ಗಾಯಕಿ ಅಪಸ್ವರ ನುಡಿಯುವುದಿಲ್ಲ. ಆದರೂ ಆಕೆ ಮುಳುಗಿಹೋಗುತ್ತಿರುವುದು ಕೇಳುವವರಿಗೆ ತಿಳಿಯುತ್ತದೆ. ಅದೇ ವರ್ಷದ ‘ಆಲ್ ದಟ್ ಮನಿ ಕ್ಯಾನ್ ಬೈ’ ಚಿತ್ರದ ಸಂಗೀತಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಇದು ಅವರು ಪಡೆದ ಏಕೈಕ ಆಸ್ಕರ್. ಮರುವರ್ಷ ವೆಲ್ಸ್ ಅವರ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರವನ್ನು ನಿರ್ಮಾಣ ಸಂಸ್ಥೆಯು ಕತ್ತರಿಸಿದಾಗ ಸಂಗೀತವೂ ಛಿದ್ರವಾಯಿತು. ಹರ್ಮನ್ ಅವರು ಚಿತ್ರದಿಂದ ತಮ್ಮ ಹೆಸರನ್ನೇ ತೆಗೆಸಿದರು.

ಆ ಕಾಲದ ಹಾಲಿವುಡ್ಡಿನಲ್ಲಿ ಸಂಯೋಜಕರು ಸಂಗೀತದ ಸ್ಥೂಲರೂಪವನ್ನು ಬರೆದುಕೊಡುವುದು, ಯಾವ ಸ್ವರವನ್ನು ಯಾವ ವಾದ್ಯ ನುಡಿಸಬೇಕೆಂಬುದನ್ನು ಬೇರೆಯವರು ವಿಂಗಡಿಸುವುದು ವಾಡಿಕೆಯಾಗಿತ್ತು. ಹರ್ಮನ್ ಇದನ್ನು ಒಪ್ಪಲಿಲ್ಲ. ಪ್ರತಿಯೊಂದು ವಾದ್ಯದ ಪಾಲನ್ನೂ ತಾವೇ ಬರೆದರು, ಚಿತ್ರಕ್ಕೆ ತಕ್ಕಂತೆ ವಾದ್ಯವೃಂದದ ಸ್ವರೂಪವನ್ನೇ ಬದಲಿಸಿದರು. ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ (1951) ಚಿತ್ರಕ್ಕೆ, ಮುಟ್ಟದೆಯೇ ನುಡಿಸುವ ಥೆರೆಮಿನ್ ಎಂಬ ವಿದ್ಯುತ್ ವಾದ್ಯಗಳೆರಡನ್ನು ಬಳಸಿದರು. ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ (1963) ಚಿತ್ರದಲ್ಲಿ ಪಿಟೀಲು ಬಳಗವೇ ಇಲ್ಲ.

ಹಿಚ್‌ಕಾಕ್ ಅವರೊಡನೆ

1955ರ ‘ದಿ ಟ್ರಬಲ್ ವಿತ್ ಹ್ಯಾರಿ’ಯಿಂದ 1964ರ ‘ಮಾರ್ನಿ’ಯವರೆಗೆ ಹಿಚ್‌ಕಾಕ್ ಅವರ ಏಳು ಚಿತ್ರಗಳಿಗೆ ಹರ್ಮನ್ ಸಂಗೀತ ನೀಡಿದರು. ‘ವರ್ಟಿಗೋ’ (1958) ಮತ್ತು ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಇವುಗಳಲ್ಲಿ ಸೇರಿವೆ. ಸಂಗೀತವೇ ಇಲ್ಲದ ‘ದಿ ಬರ್ಡ್ಸ್’ (1963) ಚಿತ್ರಕ್ಕೆ ಧ್ವನಿ ಸಲಹೆಗಾರರಾಗಿದ್ದರು. ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ (1956) ಚಿತ್ರದಲ್ಲಿ ವಾದ್ಯವೃಂದವನ್ನು ನಡೆಸುತ್ತ ಸ್ವತಃ ತೆರೆಯ ಮೇಲೆ ಕಾಣಿಸಿಕೊಂಡಿದ್ದಾರೆ. ಸ್ವಾರಸ್ಯವೆಂದರೆ ಅಲ್ಲಿ ನುಡಿಸಲಾಗುವ ಕೃತಿ ಅವರದಲ್ಲ, ಆರ್ಥರ್ ಬೆಂಜಮಿನ್ ಅವರದು.

‘ಸೈಕೋ’ (1960) ಕಪ್ಪು ಬಿಳುಪಿನ ಚಿತ್ರ. ಅದಕ್ಕೆ ಸಂಗೀತದಲ್ಲಿಯೂ ಒಂದೇ ಬಣ್ಣ ಸಾಕೆಂದು ಹರ್ಮನ್ ಅವರು ಕೇವಲ ತಂತಿವಾದ್ಯಗಳನ್ನು ಆರಿಸಿಕೊಂಡರು. ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತ ಬೇಡವೆಂಬುದು ಹಿಚ್‌ಕಾಕ್ ಅವರ ಸೂಚನೆಯಾಗಿತ್ತು. ಹರ್ಮನ್ ಅದನ್ನು ಮೀರಿ ಬರೆದು ಕೇಳಿಸಿದಾಗ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಕಿರುಚುವಂತೆ ನುಡಿಯುವ ಆ ಪಿಟೀಲುಗಳಿಲ್ಲದೆ ಆ ದೃಶ್ಯವನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ.

ಆರು ವರ್ಷಗಳ ನಂತರ ಇದೇ ಸ್ವಭಾವವು ಸ್ನೇಹವನ್ನು ಕಡಿಯಿತು. ‘ಟಾರ್ನ್ ಕರ್ಟನ್’ (1966) ಚಿತ್ರಕ್ಕೆ ಕಾಲಕ್ಕೊಪ್ಪುವ ಲಘು ಸಂಗೀತ ಬೇಕೆಂದು ಯೂನಿವರ್ಸಲ್ ಸಂಸ್ಥೆಯ ಒತ್ತಾಯವಿತ್ತು. ಹಿಚ್‌ಕಾಕ್ ಅವರೂ ಹಾಗೆಯೇ ಬಯಸಿದ್ದರು. ಹರ್ಮನ್ ಬರೆದದ್ದು ಹನ್ನೆರಡು ಕೊಳಲು, ಹದಿನಾರು ಹಾರ್ನ್, ಒಂಬತ್ತು ಟ್ರಾಂಬೋನ್‌ಗಳನ್ನು ಒಳಗೊಂಡ ಗಂಭೀರ ಸಂಗೀತ. ಸಂಗೀತವಿಲ್ಲದಿರಲೆಂದು ಹೇಳಿದ್ದ ಕೊಲೆಯ ದೃಶ್ಯಕ್ಕೂ ಅವರು ಬರೆದಿದ್ದರು. ಧ್ವನಿಮುದ್ರಣ ನಡೆಯುತ್ತಿದ್ದಾಗಲೇ ಹಿಚ್‌ಕಾಕ್ ಅದನ್ನು ನಿಲ್ಲಿಸಿದರು. ಕೊನೆಗೆ ಜಾನ್ ಅಡಿಸನ್ ಅವರ ಸಂಗೀತ ಬಳಕೆಯಾಯಿತು. ಇಬ್ಬರೂ ಮತ್ತೆಂದೂ ಜೊತೆಯಾಗಿ ಕೆಲಸ ಮಾಡಲಿಲ್ಲ. ಇದರಿಂದ ಇಬ್ಬರಿಗೂ ನಷ್ಟವೇ ಆಯಿತೆನ್ನಬಹುದು.

ಕಿರುತೆರೆ

ಕಿರುತೆರೆಯಲ್ಲಿ ದೊಡ್ಡ ವಾದ್ಯವೃಂದಕ್ಕೆ ಹಣವಿರುತ್ತಿರಲಿಲ್ಲ. ಈ ಕೊರತೆ ಹರ್ಮನ್ ಅವರಿಗೆ ತೊಡಕಾಗಲಿಲ್ಲ. 1959ರಲ್ಲಿ ಆರಂಭವಾದ ‘ದಿ ಟ್ವಿಲೈಟ್ ಝೋನ್’ ಸರಣಿಯ ಮೊದಲ ಶೀರ್ಷಿಕೆ ಸಂಗೀತ ಇವರದು. ಇಂದು ಎಲ್ಲರೂ ಗುರುತಿಸುವ ಶೀರ್ಷಿಕೆ ಸಂಗೀತವು ನಂತರ ಬಂದದ್ದು, ಮಾರಿಯಸ್ ಕಾನ್‌ಸ್ಟಂಟ್ ಅವರ ರಚನೆ. ಬಾಲ್ಯದ ಊರಿಗೆ ಮರಳುವವನ ಕಥೆಯಾದ ‘ವಾಕಿಂಗ್ ಡಿಸ್ಟೆನ್ಸ್’ ಕಂತಿಗೆ ತಂತಿವಾದ್ಯಗಳು ಮತ್ತು ಹಾರ್ಪ್‌ನಿಂದ ಅವರು ಹೆಣೆದ ಸಂಗೀತವು ಭಯದ ಸಂಯೋಜಕರೆಂಬ ಹಣೆಪಟ್ಟಿಯನ್ನು ಸುಳ್ಳಾಗಿಸುತ್ತದೆ. ‘ಹ್ಯಾವ್ ಗನ್ ವಿಲ್ ಟ್ರಾವೆಲ್’ ಸರಣಿಗೂ ‘ದಿ ಆಲ್ಫ್ರೆಡ್ ಹಿಚ್‌ಕಾಕ್ ಅವರ್’ ಸರಣಿಯ ಹದಿನೇಳು ಕಂತುಗಳಿಗೂ ಸಂಗೀತ ನೀಡಿದರು.

ಕೊನೆಯ ವರ್ಷಗಳು

ಹಾಲಿವುಡ್ಡಿನಲ್ಲಿ ಅವಕಾಶಗಳು ಕಡಿಮೆಯಾದಾಗ ಹೊಸ ತಲೆಮಾರಿನ ನಿರ್ದೇಶಕರು ಹರ್ಮನ್ ಅವರನ್ನು ಅರಸಿ ಬಂದರು. ಫ್ರಾನ್ಸಿನ ಫ್ರಾಂಸ್ವಾ ತ್ರುಫೋ ಅವರ ‘ಫ್ಯಾರನ್‌ಹೀಟ್ 451’ (1966), ಬ್ರಯನ್ ಡಿ ಪಾಲ್ಮಾ ಅವರ ‘ಸಿಸ್ಟರ್ಸ್’ ಮತ್ತು ‘ಅಬ್ಸೆಷನ್’ ಈ ಅವಧಿಯವು. ಅಷ್ಟರಲ್ಲಿ ಅವರು ಲಂಡನ್ನಿನಲ್ಲಿ ನೆಲೆಸಿದ್ದರು. ಮಾರ್ಟಿನ್ ಸ್ಕಾರ್ಸೆಸಿ ಅವರ ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಧ್ವನಿಮುದ್ರಣಕ್ಕಾಗಿ ಲಾಸ್ ಏಂಜಲೀಸ್‌ಗೆ ಬಂದು, 1975ರ ಡಿಸೆಂಬರ್ 23ರಂದು ಆ ಕಾರ್ಯವನ್ನು ಮುಗಿಸಿದರು. ಅದೇ ರಾತ್ರಿ ಹೋಟೆಲಿನಲ್ಲಿ ನಿದ್ರೆಯಲ್ಲಿಯೇ ನಿಧನರಾದರು. ಸ್ಯಾಕ್ಸೊಫೋನ್‌ನ ಏಕಾಕಿ ದನಿಯಿರುವ ಈ ಸಂಗೀತವೂ ‘ಅಬ್ಸೆಷನ್’ ಚಿತ್ರದ ಸಂಗೀತವೂ ಮರಣಾನಂತರ ಒಂದೇ ವರ್ಷ ಆಸ್ಕರ್‌ಗೆ ನಾಮನಿರ್ದೇಶನಗೊಂಡವು.

ಇತರ ಕೃತಿಗಳು

ಹರ್ಮನ್ ಅವರು ‘ಮೋಬಿ ಡಿಕ್’ ಕಾದಂಬರಿಯನ್ನು ಆಧರಿಸಿದ ಗಾಯನಕೃತಿ ಹಾಗೂ ಒಂದು ಸಿಂಫನಿಯನ್ನು ರಚಿಸಿದ್ದಾರೆ. ಅವರು ಹೆಚ್ಚು ಶ್ರಮ ವಹಿಸಿದ್ದು ಎಮಿಲಿ ಬ್ರಾಂಟಿ ಅವರ ‘ವುದರಿಂಗ್ ಹೈಟ್ಸ್’ ಕಾದಂಬರಿಯನ್ನು ಆಧರಿಸಿದ ಆಪೆರಾ ಕೃತಿಗಾಗಿ. ಇದರ ಸಾಹಿತ್ಯ ಮೊದಲ ಪತ್ನಿ ಲೂಸಿಲ್ ಫ್ಲೆಚರ್ ಅವರದು. 1943ರಲ್ಲಿ ಆರಂಭಿಸಿ 1951ರಲ್ಲಿ ಪೂರ್ಣಗೊಳಿಸಿದ ಈ ಕೃತಿಯನ್ನು ರಂಗಕ್ಕೆ ತರಲು ಯಾವ ಆಪೆರಾ ಸಂಸ್ಥೆಯೂ ಮುಂದಾಗದಿದ್ದಾಗ, 1966ರಲ್ಲಿ ತಮ್ಮ ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಿಸಿದರು. ಅದು ಮೊದಲು ರಂಗದ ಮೇಲೆ ಬಂದದ್ದು 1982ರಲ್ಲಿ, ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ.